"ರೂಮಿನಲ್ಲಿ ಎಲ್ಲರೂ ಸೇದ್ತಾರೆ" ಅಂತಾನೆ ಮಗ. ನಿಜವೇ ಡಾಕ್ಟ್ರೇ?

ಪ್ರಶ್ನೆ

ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮದು ಬ್ಯಾಡಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಮೆಣಸಿನಕಾಯಿ, ಗೋವಿನಜೋಳ ಬೆಳೆಯುತ್ತೇವೆ. ಮಗನಿಗೆ 20 ವರ್ಷ. ಪಿಯುಸಿ ಮುಗಿಸಿ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತೇನೆಂದು ಒಂದು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದಾನೆ. ಯುಗಾದಿಗೆ ಊರಿಗೆ ಬಂದಾಗ ಅವನವ್ವ ಪ್ಯಾಂಟು ಒಗೆಯಲು ತೆಗೆದರೆ ಕಿಸೆಯಲ್ಲಿ ಎರಡು ಸಿಗರೇಟು, ಒಂದು ಕಡ್ಡಿಪೆಟ್ಟಿಗೆ. ಕೇಳಿದ್ದಕ್ಕೆ, "ರೂಮಿನ್ಯಾಗ ಎಲ್ಲಾರೂ ಸೇದ್ತಾರಪ್ಪಾ. ನಾ ದಿನಕ್ಕ ಎರಡೋ ಮೂರೋ ಅಷ್ಟ. ರಾತ್ರಿ ಓದುವಾಗ ನಿದ್ದಿ ಬರಬಾರದಂತ. ಮನಸ್ ಮಾಡಿದ್ರ ನಾಳೇನ ಬಿಡ್ತೀನಿ" ಅಂದ. ಸಿಟ್ಟಿಗೆ ಒಂದೇಟು ಹೊಡೆದೆ. ಅವನವ್ವ ದೇವರಗುಡ್ಡದ ಮಾಲತೇಶನ ಮೇಲೆ ಆಣೆ ಮಾಡಿಸಿಕೊಂಡಳು. ಆಣೆ ಮಾಡಿ ಹೋದ. ಈಗ ಫೋನು ಮಾಡಿದರೆ ಸರಿಯಾಗಿ ಮಾತಾಡುವುದಿಲ್ಲ.

ಈಗಿನ ಹುಡುಗರು ನಿಜವಾಗಿಯೂ ಎಲ್ಲರೂ ಸೇದುತ್ತಾರೆಯೇ? ದಿನಕ್ಕೆ ಎರಡು-ಮೂರರಿಂದ ಏನೂ ಆಗುವುದಿಲ್ಲವೇ? ಊರಿಗೆ ಕರೆಸಿಕೊಳ್ಳಲೇ, ಖರ್ಚಿನ ಹಣ ನಿಲ್ಲಿಸಲೇ? ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ಸಿಗುತ್ತದೆ ಅಂತ ಬೀಗರೊಬ್ಬರು ಹೇಳಿದರು, ತರಿಸಲೇ? ಇನ್ನೊಂದು ಮಾತು ಮುಚ್ಚಿಡಬಾರದು. ನಾನೇ ಮೂವತ್ತು ವರ್ಷದಿಂದ ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಳ್ಳುವವನು. ಯಾವ ಮುಖ ಇಟ್ಟುಕೊಂಡು ಅವನಿಗೆ ಬಿಡು ಅನ್ನಲಿ?

— ಒಬ್ಬ ತಂದೆ, ಹಾವೇರಿ ಜಿಲ್ಲೆ

ಉತ್ತರ

ಯಜಮಾನರೇ, ಆ ಕೊನೆಯ ಸಾಲು ಬರೆದಿದ್ದಕ್ಕೆ ನಿಮಗೊಂದು ನಮಸ್ಕಾರ. ಹುಬ್ಬಳ್ಳಿಯಲ್ಲಿ ಎದೆರೋಗದ ವೈದ್ಯನಾಗಿ ಬಹಳ ತಂದೆಯರನ್ನು ನೋಡಿದ್ದೇನೆ. ಮಗನನ್ನು ನನ್ನ ಮುಂದೆ ಕೂಡ್ರಿಸಿ ಬೈಯುತ್ತಿರುತ್ತಾರೆ, ಅಂಗಿಯ ಕಿಸೆಯಿಂದ ಸುಣ್ಣದ ಡಬ್ಬಿ ಇಣುಕುತ್ತಿರುತ್ತದೆ. ಹುಡುಗ ಅದನ್ನೇ ನೋಡುತ್ತಿರುತ್ತಾನೆ. ನೀವು ಬಾಯಿಬಿಟ್ಟು ಹೇಳಿದ್ದೀರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕಂದರೆ ನಿಮ್ಮ ಕೈಯಲ್ಲಿರುವ ದೊಡ್ಡ ಔಷಧ ಅದೇ.

ಮೊದಲು "ಎಲ್ಲರೂ ಸೇದ್ತಾರೆ" ಅನ್ನುವ ಮಾತು. ವಾರಕ್ಕೆ ನಾಲ್ಕು ಸಲವಾದರೂ ಇದನ್ನು ಕೇಳುತ್ತೇನೆ. ಹುಡುಗ ಬೇಕಂತಲೇ ಸುಳ್ಳು ಹೇಳುತ್ತಿಲ್ಲ, ಅವನ ಕಣ್ಣಿಗೆ ಹಾಗೇ ಕಾಣುತ್ತದೆ. ಆದರೆ ಲೆಕ್ಕ ಬೇರೆಯೇ ಇದೆ. 2016-17ರಲ್ಲಿ ದೇಶದಾದ್ಯಂತ ಮನೆಮನೆಗೆ ಹೋಗಿ ತಂಬಾಕಿನ ಸಮೀಕ್ಷೆ ಮಾಡಿದರು. 15 ವರ್ಷ ದಾಟಿದವರನ್ನೆಲ್ಲ ಕೇಳಿದರು. ಕರ್ನಾಟಕದಲ್ಲಿ ಬೀಡಿ-ಸಿಗರೇಟು ಸೇದುವವರು ಶೇ. 8.8. ಹೆಂಗಸರಲ್ಲಿ ಸೇದುವವರು ತೀರಾ ಕಡಿಮೆ. ಅವರನ್ನು ಬಿಟ್ಟು ಬರೀ ಗಂಡಸರನ್ನು ಎಣಿಸಿದರೂ ಐದರಲ್ಲಿ ಒಬ್ಬರಿಗಿಂತ ಕಡಿಮೆಯೇ ಆಗುತ್ತದೆ. ಅದೂ ಎಲ್ಲ ವಯಸ್ಸಿನವರು ಸೇರಿ. ಇಡೀ ದೇಶದಲ್ಲಿ 15ರಿಂದ 24 ವಯಸ್ಸಿನವರ ಪೈಕಿ, ಗುಟ್ಕಾ-ಬೀಡಿ-ಸಿಗರೇಟು ಎಲ್ಲ ಸೇರಿಸಿ, ತಂಬಾಕು ಬಳಸುವವರು 2009-10ರಲ್ಲಿ ಶೇ. 18.4 ಇದ್ದರು. 2016-17ಕ್ಕೆ ಶೇ. 12.4ಕ್ಕೆ ಇಳಿದರು. ಅಂದರೆ ಎಂಟು ಜನರಲ್ಲಿ ಒಬ್ಬ. ಇನ್ನೂ ಚಿಕ್ಕವರದು ಬೇಕಾ? 2019ರಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳನ್ನು ಕೇಳಿದಾಗ ದೇಶದಲ್ಲಿ ಶೇ. 8.5 ಮಕ್ಕಳು ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಶೇ. 1.2. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದೊಂದು.

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಿ ಅಂತಲೂ ನಾನು ಹೇಳುವುದಿಲ್ಲ. ಹೆಸರು ಬರೆಯಬೇಡ ಅಂದರೂ ಶಾಲೆಯಲ್ಲೇ ಕೂತಿರುವಾಗ ಹೌದು ಅಂತ ಗೀಟು ಹಾಕಲು ಹುಡುಗರು ಅಂಜುತ್ತಾರೆ. ಶಾಲೆ ಬಿಟ್ಟು ಗ್ಯಾರೇಜಿಗೆ, ಹೋಟೆಲಿಗೆ ಸೇರಿದವರು ಶಾಲೆಯ ಲೆಕ್ಕದಲ್ಲಿ ಬರುವುದೇ ಇಲ್ಲ. ಮನೆ ಬಿಟ್ಟು ನಾಲ್ಕು ಜನ ಒಂದು ರೂಮಿನಲ್ಲಿರುವ 20ರ ಹುಡುಗರಲ್ಲಿ ಪ್ರಮಾಣ ಜಾಸ್ತಿಯೇ ಇರಬಹುದು. ಏನೇ ಕೂಡಿಸಿ, ಎಷ್ಟೇ ಹಿಗ್ಗಿಸಿ, "ಎಲ್ಲರೂ" ಅನ್ನುವಲ್ಲಿಗೆ ಮುಟ್ಟುವುದಿಲ್ಲ.

ಹಾಗಾದರೆ ಯಾಕೆ ಹಾಗೆ ಕಾಣುತ್ತದೆ? ಸಂಜೆ ಹೊತ್ತು ಸಪ್ತಾಪುರದ ಯಾವುದೇ ಚಹಾದಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಸೇದುವವರು ಗುಂಪಾಗಿ ನಿಂತಿರುತ್ತಾರೆ. ಹೊಗೆ ಕಾಣುತ್ತದೆ, ನಗು ಕೇಳಿಸುತ್ತದೆ. ಸೇದದವನು ಅದೇ ಹೊತ್ತಿಗೆ ಲೈಬ್ರರಿಯಲ್ಲಿ ಕೂತಿರುತ್ತಾನೆ, ಮೆಸ್ಸಿನಲ್ಲಿ ಊಟ ಮಾಡುತ್ತಿರುತ್ತಾನೆ, ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಓಡುತ್ತಿರುತ್ತಾನೆ. ಅವನು ಯಾರ ಕಣ್ಣಿಗೂ "ಸೇದದವನು" ಅಂತ ಬೀಳುವುದಿಲ್ಲ. ಸೇದದೇ ಇರುವುದು ನೋಡುವಂಥ ಕೆಲಸ ಅಲ್ಲವಲ್ಲ.

ನನ್ನ ಹತ್ತಿರ ಬಂದ ಹುಡುಗರಿಗೆ ಒಂದು ಕಾಗದ, ಪೆನ್ನು ಕೊಡುತ್ತೇನೆ. ನಿನಗೆ ಚೆನ್ನಾಗಿ ಗೊತ್ತಿರುವ ಇಪ್ಪತ್ತು ಹುಡುಗರ ಹೆಸರು ಬರಿ. ಊರವರು, ಕ್ಲಾಸಿನವರು, ಅಣ್ಣತಮ್ಮಂದಿರು, ಯಾರಾದರೂ ಸರಿ. ಬರೆದಾದ ಮೇಲೆ, ಸೇದುವವರ ಹೆಸರಿಗೆ ಗೆರೆ ಹಾಕು. ಹೆಚ್ಚಿನ ಸಲ ನಾಲ್ಕೈದು ಗೆರೆಗೆ ಪೆನ್ನು ನಿಲ್ಲುತ್ತದೆ. ಒಬ್ಬ ಹುಡುಗ ಕಾಗದವನ್ನೇ ನೋಡುತ್ತಾ, "ಸರ್, ಇವರೆಲ್ಲ ನಮ್ಮ ರೂಮಿನವರೇ" ಅಂದ. ಅಷ್ಟೇ ವಿಷಯ. ಅವನ "ಎಲ್ಲರೂ" ಅಂದರೆ ಒಂದು ರೂಮು.

ಇದನ್ನು ಇಷ್ಟು ಎಳೆದು ಹೇಳಲು ಕಾರಣ ಇದೆ. ಬಹಳ ಹುಡುಗರನ್ನು ಮೊದಲ ಸಿಗರೇಟಿನ ತನಕ ಕರೆದುಕೊಂಡು ಹೋಗುವುದು ಈ ತಪ್ಪು ಎಣಿಕೆಯೇ. ಯಾರಿಗೂ ಮೊದಲ ಸಿಗರೇಟು ರುಚಿಸುವುದಿಲ್ಲ. ಕೆಮ್ಮು ಬರುತ್ತದೆ, ತಲೆ ಸುತ್ತುತ್ತದೆ, ಕೆಲವರಿಗೆ ವಾಂತಿ ಬಂದಂತಾಗುತ್ತದೆ. ಆದರೂ ಎರಡನೆಯದನ್ನು ಸೇದುತ್ತಾರೆ, ಒಬ್ಬನೇ ಬೇರೆ ಆಗಬಾರದು ಅಂತ. ಹಳ್ಳಿಯಿಂದ ಬಂದ ಹುಡುಗನಿಗೆ ಹೊಸ ಊರಿನಲ್ಲಿ ಗೆಳೆಯರು ಬೇಕು. ಚಹಾದ ಜೊತೆ ಯಾರೋ ಅರ್ಧ ಸೇದಿ ಉಳಿದದ್ದನ್ನು ಕೈಗೆ ಕೊಡುತ್ತಾರೆ. ಬೇಡ ಅಂದರೆ ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ. ಹತ್ತು-ಹದಿನೈದು ಸಿಗರೇಟು ಹೀಗೆ ಸ್ನೇಹಕ್ಕೆ ಹೋಗುತ್ತವೆ. ಅಲ್ಲಿಂದ ಮುಂದೆ ನಿಕೋಟಿನ್ ತನ್ನ ಕೆಲಸ ಶುರು ಮಾಡುತ್ತದೆ.

ಅದರ ಕೆಲಸ ಹೇಗೆ ಅಂತ ಗೊತ್ತಾದರೆ "ರಾತ್ರಿ ಓದಲು ಬೇಕು" ಅನ್ನುವ ಮಾತೂ ಬಿಡಿಸಿಕೊಳ್ಳುತ್ತದೆ. ಒಂದು ದಮ್ ಎಳೆದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಸ್ವಲ್ಪ ಹೊತ್ತು ಚುರುಕು ಅನ್ನಿಸುತ್ತದೆ, ಅದು ಸುಳ್ಳಲ್ಲ. ಆದರೆ ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ರೂಢಿಯಾದ ಮಿದುಳು ಆಗ ಚಡಪಡಿಸುತ್ತದೆ. ಓದಿದ್ದು ತಲೆಗೆ ಹತ್ತುವುದಿಲ್ಲ, ಸುಮ್ನೆ ಸಿಡಿಮಿಡಿ. ಇನ್ನೊಂದು ಸೇದಿದರೆ ಸಮಾಧಾನ. ಹುಡುಗನಿಗೆ ಸಿಗರೇಟು ಓದಿಗೆ ಸಹಾಯ ಮಾಡಿದಂತೆ ಕಾಣುತ್ತದೆ. ನಿಜಕ್ಕೂ ಅದು ತಾನೇ ಮಾಡಿದ ಗಾಯಕ್ಕೆ ತಾನೇ ಮುಲಾಮು ಹಚ್ಚುತ್ತಿರುತ್ತದೆ. ಮೇಲಾಗಿ ನಿಕೋಟಿನ್ ನಿದ್ದೆಯನ್ನೂ ಕೆಡಿಸುತ್ತದೆ. ಬೆಳಿಗ್ಗೆ ಮಂಕು, ಅದಕ್ಕೆ ಮತ್ತೊಂದು ಸಿಗರೇಟು. ಇಪ್ಪತ್ತರ ವಯಸ್ಸಿನಲ್ಲಿ ಇದು ಬೇಗ ಹಿಡಿಯುತ್ತದೆ, ಯಾಕಂದರೆ ಮಿದುಳು ಸುಮಾರು 25ರ ತನಕ ಬಲಿಯುತ್ತಲೇ ಇರುತ್ತದೆ.

"ಎರಡೋ ಮೂರೋ ಅಷ್ಟ" ಅನ್ನುವುದಕ್ಕೆ ಬರೋಣ. ಕ್ಯಾನ್ಸರಿನ ಮಟ್ಟಿಗೆ ಕಡಿಮೆ ಸೇದಿದರೆ ಅಪಾಯವೂ ಆ ಲೆಕ್ಕದಲ್ಲೇ ಕಡಿಮೆ ಅಂತ ಇಟ್ಟುಕೊಳ್ಳಬಹುದು, ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಆದರೆ ಹೃದಯ ಈ ಲೆಕ್ಕ ಒಪ್ಪುವುದಿಲ್ಲ. ದಿನಕ್ಕೆ ಇಪ್ಪತ್ತು ಸೇದುವವನಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಒಂದು ಸೇದುವವನಿಗೆ ಅದರ ಅರ್ಧದಷ್ಟು ಏರುತ್ತದೆ. ಇಪ್ಪತ್ತನೆಯ ಒಂದು ಭಾಗ ಅಲ್ಲ, ಅರ್ಧ. ಟಿಬಿ ಬರುವ ಸಾಧ್ಯತೆಯೂ ಸೇದುವವರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಒಂದೇ ಕಿಟಕಿಯ ರೂಮಿನಲ್ಲಿ ನಾಲ್ಕು ಜನ ಮಲಗುವವರಿಗೆ ಇದು ಸಣ್ಣ ಮಾತಲ್ಲ.

ಇಪ್ಪತ್ತರ ಹುಡುಗನಿಗೆ ಐವತ್ತರಲ್ಲಿ ಬರುವ ಹಾರ್ಟ್ ಅಟ್ಯಾಕ್ ಬಗ್ಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ನಾನು ಅದನ್ನು ಹೇಳುವುದನ್ನೇ ಬಿಟ್ಟಿದ್ದೇನೆ. ನಿಮ್ಮ ಮಗನಿಗೆ ಹೇಳಬೇಕಾದದ್ದು 1600 ಮೀಟರ್ ಓಟದ ವಿಷಯ. ಕಾನ್‌ಸ್ಟೇಬಲ್ ಆಯ್ಕೆಗೆ ಅದನ್ನು ಸಮಯದೊಳಗೆ ಓಡಲೇಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಕೊನೆಯ ಸುತ್ತಿನಲ್ಲಿ ಕಾಲು ಎಳೆಯುವುದು ಆಗಲೇ. ಖುಷಿಯ ವಿಷಯ ಏನಂದರೆ, ಸೇದುವುದು ನಿಲ್ಲಿಸಿದ ಒಂದೆರಡು ದಿನದಲ್ಲಿ ಈ ಅನಿಲ ರಕ್ತದಿಂದ ಹೋಗಿರುತ್ತದೆ. ದಮ್ಮು ಸುಧಾರಿಸಲು ಕೆಲವು ವಾರ ಬೇಕು. ನನ್ನಲ್ಲಿ ಬಂದ ಓಟಗಾರ ಹುಡುಗರು ಬಿಟ್ಟಿದ್ದು ಎಕ್ಸ್‌ರೇ ನೋಡಿ ಅಲ್ಲ, ಸ್ಟಾಪ್‌ವಾಚ್ ನೋಡಿ.

ಬೀಡಿ ನೆಲದ್ದು, ಎಲೆಯದ್ದು, ಅದು ಪರವಾಗಿಲ್ಲ ಅನ್ನುವವರಿದ್ದಾರೆ. ಬೀಡಿಯಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಅದು ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಹಾಗಾಗಿ ಒಳಗೆ ಹೋಗುವ ವಿಷ ಸಿಗರೇಟಿಗಿಂತ ಕಡಿಮೆಯೇನಿಲ್ಲ. ನೀವು ಕೇಳದಿದ್ದರೂ ಇ-ಸಿಗರೇಟಿನ ಬಗ್ಗೆ ಒಂದು ಮಾತು. ಪೆನ್ನಿನಂತೆ, ಪೆನ್‌ಡ್ರೈವಿನಂತೆ ಇರುತ್ತದೆ, ಹಣ್ಣಿನ ವಾಸನೆ ಬರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. "ಬರೀ ಹಬೆ" ಅಂತ ಹುಡುಗರು ಹೇಳುತ್ತಾರೆ. ಹೆಚ್ಚಿನವುಗಳಲ್ಲಿ ಇರುವುದು ನಿಕೋಟಿನ್ನೇ. 2019ರಿಂದ ದೇಶದಲ್ಲಿ ಅದರ ಮಾರಾಟ ನಿಷೇಧ. ಕದ್ದು ಮಾರುವ ಮಾಲಿನಲ್ಲಿ ಏನಿದೆ, ಎಷ್ಟಿದೆ ಅಂತ ಪರೀಕ್ಷೆ ಮಾಡಿದವರು ಯಾರು?

ಕಾನೂನಿನ ಮಾತು ಬಂತು ಅಂತ ಹೇಳುತ್ತೇನೆ. 2025ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದ ಮೇಲೆ 21 ವರ್ಷ ತುಂಬದವರಿಗೆ ಸಿಗರೇಟು, ತಂಬಾಕು ಮಾರುವಂತಿಲ್ಲ. ಮೊದಲು ಇದು 18 ಇತ್ತು. ಬಿಡಿಬಿಡಿಯಾಗಿ ಒಂದೊಂದೇ ಸಿಗರೇಟು ಮಾರುವಂತೆಯೂ ಇಲ್ಲ. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1000 ರೂಪಾಯಿ ತನಕ. ಅಂದರೆ ನಿಮ್ಮ ಮಗ ಕೊಂಡ ಒಂದೊಂದು ಸಿಗರೇಟೂ ಅಂಗಡಿಯವನು ಕಾನೂನು ಮುರಿದು ಕೊಟ್ಟದ್ದೇ. ಪೊಲೀಸ್ ಆಗಲು ಹೊರಟವನಿಗೆ ಇದನ್ನು ನಗುತ್ತಾ ನೆನಪಿಸಬಹುದು. ನಗುತ್ತಾ ಮಾತ್ರ.

ಈಗ ನೀವು ಕೇಳಿದ ದಾರಿಗಳು. ಪುಡಿ ಬೇಡವೇ ಬೇಡ. ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ತಿನ್ನಿಸಿ ಸಿಗರೇಟಿನ ಆಸೆ ಬಿಡಿಸುವ ಔಷಧ ವೈದ್ಯಶಾಸ್ತ್ರದಲ್ಲಿ ಇಲ್ಲ. ಒಂದು ದಿನ ಮಗನಿಗೆ ವಿಷಯ ತಿಳಿದರೆ, ಅವ್ವ ಹಾಕಿದ ಊಟವನ್ನೂ ಅನುಮಾನದಿಂದ ನೋಡುತ್ತಾನೆ.

ಊರಿಗೆ ಕರೆಸುವುದು? ಅದರಿಂದ ಓದು ನಿಲ್ಲುತ್ತದೆ, ಆದರೆ ಸಿಗರೇಟು ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಬ್ಯಾಡಗಿಯಲ್ಲಿ ಪಾನ್ ಅಂಗಡಿ ಇಲ್ಲವೇ? ಪರೀಕ್ಷೆ ತಪ್ಪಿತು ಅನ್ನುವ ಸಿಟ್ಟೂ ಸೇರಿಕೊಳ್ಳುತ್ತದೆ. ಹಣ ನಿಲ್ಲಿಸಿದರೆ ಅವನು ಮೊದಲು ಕಡಿಮೆ ಮಾಡುವುದು ಮೆಸ್ಸಿನ ಊಟವನ್ನು, ಸಿಗರೇಟನ್ನಲ್ಲ. ಇದನ್ನು ನಾನು ಅಂದಾಜಿನಿಂದ ಹೇಳುತ್ತಿಲ್ಲ. ಒಣಗಿ ಕಡ್ಡಿಯಾದ ಹುಡುಗರನ್ನು ಟಿಬಿ ಇರಬಹುದು ಅಂತ ಕರೆತಂದಾಗ ಕೇಳಿ ತಿಳಿದದ್ದು.

ಆಣೆಯ ವಿಷಯದಲ್ಲಿ ತಾಯಿಗೆ ಬೇಸರ ಮಾಡುವ ಇಷ್ಟ ನನಗಿಲ್ಲ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಆಣೆ ಮಾಡಿದ ಹುಡುಗ ಮೂರನೇ ದಿನ ಒಂದು ಸೇದಿದ ಅಂತ ಇಟ್ಟುಕೊಳ್ಳಿ. ಈಗ ಅವನು ಸೇದಿದ್ದಷ್ಟೇ ಅಲ್ಲ, ಮಾಲತೇಶನಿಗೂ ಅವ್ವನಿಗೂ ಮಾತು ತಪ್ಪಿದವನು. ಅದನ್ನು ಹೇಳಿಕೊಳ್ಳಲು ಆಗುವುದಿಲ್ಲ. ಫೋನಿನಲ್ಲಿ ಮಾತು ಕಡಿಮೆಯಾಗಿದೆ ಅಂದಿರಲ್ಲ, ಕಾರಣ ಇದೇ ಇರಬೇಕು ಅಂತ ನನ್ನ ಊಹೆ. ಆ ಆಣೆಯಿಂದ ಅವನನ್ನು ಬಿಡಿಸಿ. ಅವನವ್ವನೇ ಫೋನು ಮಾಡಿ, "ಆಣಿ ನಾ ವಾಪಸ್ ತೊಗೊಂಡೀನಿ, ದೇವರಿಗೆ ಕಾಯಿ ಒಡಿಸ್ತೀನಿ, ನೀ ಖರೇ ಹೇಳು ಸಾಕು" ಅನ್ನಲಿ. ಮಾತು ಮತ್ತೆ ಶುರುವಾಗಬೇಕು, ಬಾಕಿಯದು ಆಮೇಲೆ.

ಬಿಡುವುದು ಹೇಗೆ? "ಮನಸ್ ಮಾಡಿದ್ರ ನಾಳೇನ" ಅನ್ನುವವನಿಗೆ ವಾದ ಬೇಡ. ಸರಿ, ಎರಡು ದಿನ ಬಿಟ್ಟು ನೋಡು ಅನ್ನಿ. ಆರಾಮಾಗಿ ಕಳೆದರೆ ಒಳ್ಳೆಯದೇ ಆಯಿತು, ಹಾಗೇ ಮುಂದುವರಿಸಲಿ. ಚಡಪಡಿಸಿದರೆ ವಿಷಯ ಎಲ್ಲಿದೆ ಅಂತ ಅವನಿಗೇ ತಿಳಿಯುತ್ತದೆ. ಬಿಟ್ಟ ಮೊದಲ ಎರಡು-ಮೂರು ದಿನ ತ್ರಾಸು ಜಾಸ್ತಿ. ಸಿಟ್ಟು, ತಲೆನೋವು, ಹಸಿವು, ನಿದ್ದೆ ಏರುಪೇರು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಅದಕ್ಕೇ ಪರೀಕ್ಷೆಯ ಹಿಂದಿನ ವಾರ ಬಿಡಲು ಹೋಗಬಾರದು, ಮುಂಚೆಯೇ ಒಂದು ದಿನ ಗೊತ್ತು ಮಾಡಬೇಕು. ಸೇದಬೇಕು ಅನ್ನುವ ತುಡಿತ ಒಮ್ಮೆ ಬಂದರೆ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತನ್ನು ನೀರು ಕುಡಿದೋ, ಹುರಿದ ಶೇಂಗಾ ಮೆದ್ದೋ, ಒಂದು ಸುತ್ತು ನಡೆದೋ ದಾಟಿಸಿದರೆ ಸಾಕು. ಚಹಾದಂಗಡಿ ಬದಲಿಸಬೇಕು. ಇದು ತಮಾಷೆಯಲ್ಲ, ನಾನು ಕಂಡಂತೆ ಬಿಟ್ಟವರು ಮತ್ತೆ ಹಿಡಿಯುವುದು ಹೆಚ್ಚಾಗಿ ಅದೇ ಅಂಗಡಿಯಲ್ಲಿ, ಅದೇ ಗೆಳೆಯರ ಜೊತೆ, ಅರ್ಧ ಕಪ್ ಚಹಾ ಕೈಯಲ್ಲಿರುವಾಗ. ರೂಮಿನೊಳಗೆ ಯಾರೂ ಸೇದಬಾರದು ಅಂತ ಗೆಳೆಯರನ್ನು ಒಪ್ಪಿಸಿದರೆ ಅರ್ಧ ಕೆಲಸ ಆದಂತೆ.

ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ದಿನಕ್ಕೆ ಎರಡು-ಮೂರು ಸೇದುವವನಿಗೆ ಬಹಳ ಸಲ ಅದು ಬೇಕಾಗುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೇ ಬೇಕು ಅನ್ನುವವನಾದರೆ ಬೇಕಾಗಬಹುದು. ಬೇರೆ ಗಮ್‌ನಂತೆ ಅದನ್ನು ಜಗಿಯುತ್ತಲೇ ಇರಬಾರದು. ನಾಲ್ಕು ಸಲ ಜಗಿದು ಖಾರ ಅನ್ನಿಸಿದ ಕೂಡಲೇ ಕೆನ್ನೆಯ ಸಂದಿಗೆ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಇಲ್ಲವಾದರೆ ಬಿಕ್ಕಳಿಕೆ, ಹೊಟ್ಟೆ ಉರಿ. ಅದಕ್ಕೆ ಹದಿನೈದು ನಿಮಿಷ ಮೊದಲು ಚಹಾ ಕುಡಿದರೆ ಗಮ್ ಕೆಲಸ ಮಾಡುವುದಿಲ್ಲ. ಗುಳಿಗೆಗಳೂ ಇವೆ, ಬುಪ್ರೋಪಿಯಾನ್, ವರೆನಿಕ್ಲಿನ್ ಅಂತ. ಅವನ್ನು ವೈದ್ಯರು ನೋಡಿಯೇ ಬರೆಯಬೇಕು. ಫಿಟ್ಸ್ ಇದ್ದವರಿಗೆ ಬುಪ್ರೋಪಿಯಾನ್ ಕೊಡುವುದೇ ಇಲ್ಲ. ಗೆಳೆಯ ತಗೊಂಡ ಅಂತ ತಾನೂ ನುಂಗಬಾರದು.

ಮಾತಾಡಲು ಯಾರಾದರೂ ಬೇಕು ಅಂದರೆ 1800-11-2356ಕ್ಕೆ ಫೋನು ಮಾಡಲಿ. ಸರ್ಕಾರದ್ದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರು ಸಿಗರೇಟಿನ ಪಾಕೀಟಿನ ಮೇಲೆಯೇ ಅಚ್ಚಾಗಿದೆ. ಆದರೆ ಬಿಡಿ ಸಿಗರೇಟು ಕೊಳ್ಳುವವನಿಗೆ ಪಾಕೀಟು ಕಾಣುವುದೇ ಇಲ್ಲವಲ್ಲ! ಜಿಲ್ಲಾ ಆಸ್ಪತ್ರೆಯಲ್ಲೂ ತಂಬಾಕು ಬಿಡಿಸಲು ಆಪ್ತಸಲಹೆ ಕೊಡುತ್ತಾರೆ. ಧಾರವಾಡದಲ್ಲೇ ಇರುವುದರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅವನಿಗೆ ಹತ್ತಿರ. ಹುಚ್ಚಾಸ್ಪತ್ರೆ ಅಂತ ಹಿಂಜರಿಯಬೇಡಿ, ಚಟ ಬಿಡಿಸುವುದೂ ಅಲ್ಲಿನ ಕೆಲಸವೇ.

ಒಮ್ಮೆಗೇ ಬಿಡುವುದು ಕಡಿಮೆ ಜನ. ನಡುವೆ ಜಾರುತ್ತಾರೆ, ಮತ್ತೆ ಬಿಡುತ್ತಾರೆ. 40 ತುಂಬುವ ಮೊದಲು ಬಿಟ್ಟವರು, ಸೇದುತ್ತಲೇ ಇದ್ದರೆ ಬರುತ್ತಿದ್ದ ಅಕಾಲ ಸಾವಿನ ಅಪಾಯದಲ್ಲಿ ಸುಮಾರು ಶೇ. 90ರಷ್ಟನ್ನು ತಪ್ಪಿಸಿಕೊಳ್ಳುತ್ತಾರೆ. ನಿಮ್ಮ ಮಗನಿಗಿನ್ನೂ 20.

ಇನ್ನು ನಿಮ್ಮ ವಿಷಯ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರು ಶೇ. 8.8 ಇದ್ದರೆ, ಬಾಯಿಗೆ ಹಾಕಿಕೊಳ್ಳುವವರು ಶೇ. 16.3. ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಕಡೆ ದೊಡ್ಡ ಚಟ ಇದೇ. ಹೊಗೆ ಇಲ್ಲ, ವಾಸನೆ ಅಷ್ಟಾಗಿ ಇಲ್ಲ, ಹಿರಿಯರ ಮುಂದೆಯೂ ನಡೆಯುತ್ತದೆ. ಹಾಗಾಗಿ ಅದು ಚಟ ಅಂತ ಯಾರಿಗೂ ಅನ್ನಿಸುವುದಿಲ್ಲ.

ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಕೇಳಿದಿರಿ. ಹೇಳಬೇಡಿ, ಕೇಳಿ. ಮಗನಿಗೆ ಫೋನು ಮಾಡಿ, "ನಾನೂ ತಂಬಾಕ ಬಿಡಬೇಕಂತ ಮಾಡೀನಿ. ಒಬ್ಬನ ಕೈಲೆ ಆಗವಲ್ದು. ಇಬ್ಬರೂ ಒಂದ ದಿನ ಬಿಡೋಣೇನು?" ಅನ್ನಿ. ರಾತ್ರಿ ಒಂದು ಫೋನು, ಇವತ್ತು ಹೇಗಾಯಿತು ಅಂತ. ನಿಮಗೆ ಅವನಿಗಿಂತ ಹೆಚ್ಚು ಕಷ್ಟ ಆಗುತ್ತದೆ, ಮೂವತ್ತು ವರ್ಷದ್ದು. ಜಾರಿದರೆ ಅವನಿಗೆ ಹೇಳಿ. ಅಪ್ಪ ಸೋತೆ ಅಂತ ಹೇಳಿದ ದಿನ ಮಗನೂ ಹೇಳಲು ಕಲಿಯುತ್ತಾನೆ. ನಿಕೋಟಿನ್ ಗಮ್ ನಿಮಗೆ ಬೇಕಾದೀತು, ಆದರೆ ಅದಕ್ಕೂ ಮೊದಲು ಬಾಯಿ ತೋರಿಸಿಕೊಳ್ಳಬೇಕು.

ಕನ್ನಡಿ ಮುಂದೆ ನಿಂತು ಬಾಯಿ ಪೂರ್ತಿ ತೆರೆಯಿರಿ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ತಂಬಾಕು ಇಟ್ಟುಕೊಳ್ಳುವ ಕಡೆ ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕಿಂತ ಹೆಚ್ಚು ದಿನ ಮಾಯದ ಹುಣ್ಣು, ಖಾರ ತಿಂದರೆ ತಡೆಯಲಾರದ ಉರಿ ಇದೆಯೇ? ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಬಾಯಿಗೆ ಖಾರ ಹತ್ತುತ್ತಿದೆ ಅಂದರೆ ಅದನ್ನು ಸುಮ್ಮನೆ ಬಿಡಬೇಡಿ. ಇವುಗಳಲ್ಲಿ ಒಂದಿದ್ದರೂ ಈ ವಾರವೇ ಹಾವೇರಿ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೋ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೋ ಹೋಗಿ. ಏನೂ ಕಾಣದಿದ್ದರೂ ಒಮ್ಮೆ ತೋರಿಸಿ. ಹುಬ್ಬಳ್ಳಿಗೆ ಬರುವುದಾದರೆ ಮಗನನ್ನೂ ಧಾರವಾಡದಿಂದ ಬರಲು ಹೇಳಿ, ಚಿಗರಿ ಬಸ್ ಹತ್ತಿದರೆ ಅರ್ಧ-ಮುಕ್ಕಾಲು ಗಂಟೆಯ ದಾರಿ. ಅಪ್ಪನಿಗೆ ತೋರಿಸಲು ಬಾ ಅಂದರೆ ಬರುತ್ತಾನೆ.